ಹೊಟ್ಟೆಯಲ್ಲಿ ಹುಣಸೆ ಬೀಜ

ನಾನು ಒಂದು ಚೆಂಡು, ವಾಲಿಬಾಲ್ ಚೆಂಡು. ಈಗ ನನ್ನನ್ನು ನೋಡಿದವರಿಗೆ ನಂಬಿಕೆ ಬರಲಿಕ್ಕಿಲ್ಲ. ಬಿಳುಪೆಲ್ಲ ಹೋಗಿ ಹಳೆಯ ಬೆಲ್ಲದ ಉಂಡೆಯ ಹಾಗಾಗಿದ್ದೇನೆ. ನೆಲಕ್ಕೆ ಹಾಕಿದರೆ ಪುಟಿಯುವುದಿಲ್ಲ, ಬಿದ್ದಲ್ಲೇ ಕೂರುತ್ತೇನೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅನ್ನುತ್ತದೆ. ಆ ಗಲಗಲ ಎಲ್ಲಿಂದ ಬಂತು ಅನ್ನುವುದೇ ನನ್ನ ಕಥೆ. ಪುರಸೊತ್ತಿದ್ದರೆ ಕೂತು ಕೇಳಿ. ಕೇಳುವುದು ಸುಲಭದ ಕೆಲಸವಲ್ಲ ಅಂತ ನನಗೆ ಗೊತ್ತು. ಬಾಳೆಲ್ಲ ನಾನು ಮಾಡಿದ್ದು ಅದೊಂದನ್ನೇ.

ಬಡಗಣ ಸೀಮೆಯ ಯಾವುದೋ ಊರಿನ ಗಲ್ಲಿಯಲ್ಲಿ ನಾನು ಹುಟ್ಟಿದೆ. ಹುಟ್ಟುವ ಮೊದಲು ಹದಿನೆಂಟು ತುಂಡು ತೊಗಲಾಗಿದ್ದೆ. ಒಬ್ಬ ಮುದುಕ ನನ್ನನ್ನು ತೊಡೆಗಳ ನಡುವೆ ಅಮುಕಿ ಹಿಡಿದು, ಎರಡು ಸೂಜಿಯಲ್ಲಿ ಹೊಲಿದು ಒಂದು ಮಾಡಿದ. ಹೊಲಿಯುವಾಗ ಏನೋ ಗುನುಗುತ್ತಿದ್ದ. ಅವನ ಮಾತು ನನಗೆ ಉಳಿಯಲಿಲ್ಲ, ಅದರ ಲಯ ಉಳಿಯಿತು. ಪ್ರತಿ ಹೊಲಿಗೆಯ ಕೊನೆಗೆ ದಾರ ಜಗ್ಗುವಾಗ ಅವನ ಹಾಡೂ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಚಪ್ಪಟೆಯಾಗಿ, ಉಸಿರಿಲ್ಲದೆ, ನನ್ನಂಥವರ ರಾಶಿಯಲ್ಲಿ ಒಬ್ಬನಾಗಿ ರೈಲು ಹತ್ತಿದೆ. ಉಸಿರು ಸಿಕ್ಕಿದ್ದು ದಾವಣಗೆರೆಯಲ್ಲಿ. ಅಂಗಡಿಯವನು ಪಂಪು ಒತ್ತಿದ. ಗಾಳಿ ಒಳಗೆ ಬಂತು. ಮೈ ಬಿಗಿಯಿತು. ಅವನು ನನ್ನನ್ನು ಕಲ್ಲಿನ ಮೇಲೆ ಒಮ್ಮೆ ಪುಟಿಸಿದಾಗ ಲೋಕವೆಲ್ಲ ನನ್ನದೇ ಅನ್ನಿಸಿತು. ಹೊಸದರಲ್ಲಿ ಎಲ್ಲರಿಗೂ ಹಾಗೇ.

ನನ್ನನ್ನು ಕೊಂಡವರು ಹತ್ತಿ ಜಿನ್ನಿನ ಹಿಂದಿನ ಬಯಲಿನಲ್ಲಿ ಆಡುತ್ತಿದ್ದ ಹುಡುಗರು. ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಆಗಿನ್ನೂ ಅದು ನಡೆಯುತ್ತಿತ್ತು. ಗಾಳಿ ಬೀಸಿದಾಗ ಹತ್ತಿಯ ಎಳೆಗಳು ಹಾರಿ ಬಂದು ನನ್ನ ಮೈಗೆ ಅಂಟುತ್ತಿದ್ದವು. ಆ ಹುಡುಗರಲ್ಲಿ ಒಬ್ಬ ಹಾಲೇಶ. ಅವನ ಅಪ್ಪ ಮರುಳಸಿದ್ದಪ್ಪ ಅದೇ ಜಿನ್ನಿನಲ್ಲಿ ಕೆಲಸಕ್ಕಿದ್ದ.

ವಾಲಿಬಾಲ್ ನೋಡದವರಿಗೆ ಒಂದು ಮಾತು ಹೇಳಬೇಕು. ನಾನು ಒಂದು ಕಡೆಗೆ ಬಂದ ಮೇಲೆ ಆ ಕಡೆಯವರು ನನ್ನನ್ನು ಮೂರು ಕೈಯೊಳಗೆ ವಾಪಸು ಕಳಿಸಬೇಕು. ಮೊದಲನೆಯವನು ನನ್ನನ್ನು ತಡೆದು ತೆಗೆಯುತ್ತಾನೆ. ಎರಡನೆಯವನು ಬಲೆಯ ಪಕ್ಕ ಮೆಲ್ಲಗೆ ಮೇಲಕ್ಕೆ ಎತ್ತಿಕೊಡುತ್ತಾನೆ. ಮೂರನೆಯವನು ಹಾರಿ ಬಂದು ಹೊಡೆಯುತ್ತಾನೆ. ಚಪ್ಪಾಳೆಯೆಲ್ಲ ಹೊಡೆದವನಿಗೆ. ನಡುವೆ ಎತ್ತಿಕೊಟ್ಟವನಿಗೆ ಲಿಫ್ಟರ್ ಎನ್ನುತ್ತಾರೆ, ಅವನ ಹೆಸರು ಯಾರೂ ಕೇಳುವುದಿಲ್ಲ. ಆ ಬಯಲಿನಲ್ಲಿ ಎಲ್ಲರಿಗೂ ಹೊಡೆಯುವ ಆಸೆ. ಹಾಲೇಶನಿಗೆ ಮಾತ್ರ ಎತ್ತಿಕೊಡುವುದೇ ಇಷ್ಟ. ಅವನ ಹತ್ತು ಬೆರಳೂ ಒಟ್ಟಿಗೆ ನನ್ನನ್ನು ತಾಗುತ್ತಿದ್ದವು, ಒಟ್ಟಿಗೆ ಬಿಡುತ್ತಿದ್ದವು. ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡುವ ಹಾಗೆ ಇರುತ್ತಿತ್ತು ಆ ಸ್ಪರ್ಶ. ನಾನು ಸುತ್ತದೆ, ತಿರುಗದೆ, ನೆಟ್ಟಗೆ ಏರುತ್ತಿದ್ದೆ.

ಅವನು ದೊಡ್ಡವನಾದ. ಸಂಬಳ ಕೊಟ್ಟು ಆಟಗಾರರನ್ನು ಆಡಿಸುವ ದೊಡ್ಡ ಪಂದ್ಯಾವಳಿಯ ತಂಡವೊಂದು ಅವನನ್ನು ಕರೆಯಿತು. ಹೊರಡುವ ದಿನ ಗೆಳೆಯರು ನನ್ನನ್ನು ಅವನ ಚೀಲಕ್ಕೆ ತುರುಕಿ, ಒಯ್ಯಲೇ, ಅಲ್ಲಿ ದೊಡ್ಡೋರ ಚೆಂಡು ಮುಟ್ಟಿ ನಮ್ಮನ್ನ ಮರೀಬೇಡ ಅಂದರು.

ಅಲ್ಲಿ ಆಡಲು ಹಳದಿ ನೀಲಿಯ ಹೊಸ ಚೆಂಡುಗಳಿದ್ದವು. ನನಗೆ ಅಂಗಳದಲ್ಲಿ ಕೆಲಸವಿರಲಿಲ್ಲ. ಬೆಳಗಿನ ಜಾವ ಹಾಲೇಶ ಒಬ್ಬನೇ ಗೋಡೆಗೆ ಮುಖಮಾಡಿ ನನ್ನನ್ನು ಎತ್ತುತ್ತಿದ್ದ, ಪೂಜೆಗೆ ಕೂತವರ ಹಾಗೆ, ಯಾರ ಜೊತೆಗೂ ಮಾತಿಲ್ಲ. ಪಂದ್ಯದ ಹೊತ್ತಿಗೆ ನಾನು ಚೀಲದಲ್ಲಿ. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲ ಕೈ ಧಬ್ ಎನ್ನುತ್ತಿತ್ತು. ಮೂರನೆಯದು ಢಾಂ. ನಡುವಿನದಕ್ಕೆ ಸದ್ದೇ ಇಲ್ಲ. ಹಾಲೇಶ ಆಡುತ್ತಿದ್ದಾನೆ ಎಂದು ನನಗೆ ತಿಳಿಯುತ್ತಿದ್ದದ್ದು ಆ ಸದ್ದಿಲ್ಲದ ಜಾಗದಿಂದ. ಬೇರೆಯವರು ಎತ್ತಿಕೊಟ್ಟರೆ ಅಲ್ಲೊಂದು ಸಣ್ಣ ಟಪ್ ಇರುತ್ತಿತ್ತು.

ಒಂದು ಸಲ ಬಲೆಯ ಹತ್ತಿರ ಎದುರಾಳಿಯ ಹೊಡೆತಕ್ಕೆ ಸಿಕ್ಕಿ ಅವನ ಎಡಗೈ ಹೆಬ್ಬೆರಳು ಮುರಿಯಿತು. ಕಟ್ಟು ಹಾಕಿದರು, ಕೂಡಿಕೊಂಡಿತು. ಏನೂ ಆಗಿಲ್ಲ ಅಂದ. ಬೆಳಗಿನ ಜಾವ ಅವನು ಎತ್ತುವಾಗ, ಆ ಬೆರಳಿಗೆ ಏನೋ ಆಗಿದೆ ಎಂದು ನನ್ನ ಮೈಗೆ ತಿಳಿಯುತ್ತಿತ್ತು, ಆದರೆ ಗಾಳಿ ತುಂಬಿದ ಹೊಟ್ಟೆಗೆ ಅದನ್ನು ಹೇಳುವ ಬಾಯಿ ಎಲ್ಲಿಯದು?

ಆ ವರ್ಷ ಕೊನೆಯ ಪಂದ್ಯ. ಎರಡೂ ಕಡೆ ಸಮ ಸಮ. ಕೊನೆಯ ಚೆಂಡು ಏರಿತು. ಢಾಂ ಎನ್ನುವ ಮೊದಲೇ ಸೀಟಿ ಕೇಳಿತು. ಅಂಪೈರ್ ಎರಡು ಬೆರಳೆತ್ತಿ ತೋರಿಸಿದರಂತೆ. ಲಿಫ್ಟರ್‌ನ ಎರಡು ಕೈ ಒಂದೇ ಕಾಲಕ್ಕೆ ತಾಗದೆ ಒಂದು ಹಿಂದೆ ಒಂದು ಮುಂದೆ ಆದರೆ ಅದಕ್ಕೆ ಡಬಲ್ ಅನ್ನುತ್ತಾರೆ. ಅದು ತಪ್ಪು. ಚೆಂಡು ಮೇಲೆ ಹೋಗುವಾಗ ಸುತ್ತುವುದೇ ಅದರ ಗುರುತು. ಹಾಲೇಶ ಕೂಗಾಡಿದ. ತಂಡ ಸೋತಿತು. ಮರುವರ್ಷ ಅವನಿಗೆ ಕರೆ ಬರಲಿಲ್ಲ.

ಊರಿಗೆ ಬಂದವನ ಬಾಯಲ್ಲಿ ಒಂದೇ ಮಾತು: ಅಂಪೈರ್ ಕುರುಡ. ಕ್ಷೌರದ ಅಂಗಡಿಯಲ್ಲೂ ಅದೇ, ಮಿರ್ಚಿ ಗಾಡಿಯ ಮುಂದೂ ಅದೇ. ಮೊದಮೊದಲು ಜನ ಅಯ್ಯೋ ಪಾಪ ಅಂದರು. ಆಮೇಲೆ ಅವನು ಬರುವುದನ್ನು ನೋಡಿ, ಬಂದ್ನಪ್ಪ ಅಂಪೈರು ಅನ್ನತೊಡಗಿದರು. ಒಂದು ದಿನ ಸಿಟ್ಟು ತಡೆಯದೆ ನನ್ನನ್ನು ಕಾಲಿನಿಂದ ಒದ್ದ. ಜಾಲಿಯ ಮೇಲೆ ಹೋಗಿ ಬಿದ್ದೆ. ಮುಳ್ಳು ಚುಚ್ಚಿತು. ಅಂಗಡಿಯವನು ಕೊಟ್ಟ ಉಸಿರು ಸುಸ್ಸೆಂದು ಹೋಯಿತು.

ಎಷ್ಟೋ ಕಾಲ ಮಂಚದ ಕೆಳಗೆ ಬಿದ್ದಿದ್ದೆ. ಬೇಸರವಾಗಲಿಲ್ಲ. ಅದೇ ಮಂಚದ ಮೇಲೆ ಸಂಜೆ ಮರುಳಸಿದ್ದಪ್ಪ ಕೂತು ಷಟ್ಪದಿ ಹೇಳುತ್ತಿದ್ದ. ಜಿನ್ನು ಮುಚ್ಚಿತ್ತು. ಅವನ ಕಣ್ಣು ಮಂಜಾಗಿತ್ತು, ಓದಲು ಬಾರದು. ಅದಕ್ಕೇನು, ಪದ್ಯವೆಲ್ಲ ನಾಲಗೆಯ ಮೇಲೇ ಇತ್ತು. ಓಣಿಯ ಮೂರು ನಾಲ್ಕು ಜನ ಬಂದು ಕೂರುತ್ತಿದ್ದರು. ಎರಡು ಸಣ್ಣ ಸಾಲು, ಮೂರನೆಯದು ಉದ್ದ, ಅದರ ಕೊನೆಗೆ ಎಳೆದು ನಿಲ್ಲಿಸುವ ಒಂದು ಗುರು. ಮತ್ತೆ ಎರಡು ಸಣ್ಣದು, ಒಂದು ಉದ್ದ. ನನಗೆ ಮೈ ಜುಮ್ಮೆಂದಿತು. ಧಬ್, ಸದ್ದಿಲ್ಲದ್ದು, ಢಾಂ. ಆ ಕಡೆಯಿಂದ ಮತ್ತೆ ಧಬ್. ಇದು ನಾನು ಬಲ್ಲ ಆಟವೇ.

ಕಡೆಗೆ ಹಾಲೇಶ ಒಂದು ತೀರ್ಮಾನಕ್ಕೆ ಬಂದ. ಮುಚ್ಚಿದ ಜಿನ್ನಿನ ಕಾವಲುಗಾರನ ಒಪ್ಪಿಗೆ ಪಡೆದು, ಅಂಗಳದಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿದ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ: ಇಲ್ಲಿ ಲಿಫ್ಟಿಂಗ್ ಮಾತ್ರ ಕಲಿಸಲಾಗುವುದು. ಊರಿಗೆ ನಗಲು ಒಂದು ನೆವ ಸಿಕ್ಕಿತು. ಮದುವೆಗೆ ಕರೆದು ಚಪ್ಪಲಿ ಕಾಯೋದು ಕಲಿಸ್ತಾನಂತೆ ಅಂದರು. ಕೆಲವರು ಅಂಗಳಕ್ಕೆ ಬಂದು, ಅಣ್ಣಾ, ಇಲ್ಲಿ ಎಷ್ಟು ಕ್ವಿಂಟಾಲ್ ಎತ್ತೋದು ಕಲಿಸ್ತೀರಿ ಅಂತ ಕೇಳಿದರು.

ಬೆರಳು ಗಟ್ಟಿಯಾಗಲು ಭಾರದ ಚೆಂಡು ಬೇಕು. ಮರುಳಸಿದ್ದಪ್ಪ ಮಂಚದ ಕೆಳಗೆ ಕೈಯಾಡಿಸಿ ನನ್ನನ್ನು ಎಳೆದ. ಅಟ್ಟದ ಮೇಲಿನ ಚೀಲದಿಂದ ಹಳೇ ಹತ್ತಿ ತೆಗೆದು ನನ್ನ ಹೊಟ್ಟೆಗೆ ತುರುಕಿ ತುರುಕಿ ತುಂಬಿದ. ಕಣ್ಣು ಕಾಣದಿದ್ದರೂ ದಬ್ಬಳದಲ್ಲಿ ಹೊಲಿದ. ಹೊಲಿಯುವಾಗ ಅವನೂ ಗುನುಗಿದ. ನನಗೆ ಎರಡನೆಯ ಸಲ ಹುಟ್ಟಿದ ಹಾಗಾಯಿತು.

ಆದರೆ ಆ ಚೀಲದ ತಳದಲ್ಲಿ ಹಿಂದೊಮ್ಮೆ ಹುಣಸೆ ಬೀಜ ಇಟ್ಟಿದ್ದರು. ಅದು ಯಾರಿಗೂ ನೆನಪಿರಲಿಲ್ಲ. ಹತ್ತಿಯ ಜೊತೆ ಒಂದು ಹಿಡಿ ಬೀಜವೂ ಒಳಗೆ ಹೋಯಿತು. ಕೆಲವು ದಿನ ಹತ್ತಿಯಲ್ಲಿ ಹುದುಗಿ ಸುಮ್ಮನಿದ್ದವು. ಬಳಸುತ್ತ ಬಳಸುತ್ತ ಹತ್ತಿ ಅಮುಕಿಕೊಂಡು ತೊಗಲಿಗೆ ಅಂಟಿತು, ನಡುವೆ ಪೊಳ್ಳಾಯಿತು, ಬೀಜಗಳೆಲ್ಲ ಅಲ್ಲಿ ಬಂದು ಸೇರಿದವು. ಅಂದಿನಿಂದ ನನಗೆ ದನಿ ಬಂತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಸರ್, ಚೆಂಡು ಹೋಗಿ ಗಿಲಕಿ ಆಗೈತಿ ಅಂದರು. ಹಾಲೇಶ ಅಪ್ಪನ ಮೇಲೆ ಸಿಡುಕಿದ. ಮರುಳಸಿದ್ದಪ್ಪ ನನ್ನನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತಾನೂ ನಕ್ಕ.

"ಹುಟ್ಟಿದಾಗಿಂದ ಹತ್ತಿಯಿಂದ ಬೀಜ ಬಿಡಿಸಿದೋನು ನಾನು. ಕೊನೆಗಾಲಕ್ಕೆ ಹತ್ತಿಗೇ ಬೀಜ ಹಾಕಿ ಕೂತೆ ನೋಡಪ್ಪ."

ಬಿಚ್ಚಿ ತೆಗೆಯಬೇಕು ಎಂದು ಹಾಲೇಶ ಅಂದುಕೊಂಡ. ಇವತ್ತು ನಾಳೆ ಅನ್ನುತ್ತ ಉಳಿಯಿತು.

ಬಂದ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಹೊಡೆಯಲು ಬಿಡದಿದ್ದರೆ ಯಾರು ನಿಲ್ಲುತ್ತಾರೆ? ಉಳಿದವಳು ಮುಬೀನಾ ಒಬ್ಬಳೇ. ಅವಳದು ಮಂಡಕ್ಕಿ ಭಟ್ಟಿಯ ಓಣಿ. ತಾಯಿ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು, ರಜೆಯಲ್ಲಿ ಮಗಳೂ ಕೈಜೋಡಿಸುತ್ತಿದ್ದಳು. ಹುಡುಗಿ ಗಿಡ್ಡ, ಹಾಗಾಗಿ ಶಾಲೆಯ ಪಿ.ಟಿ. ಮೇಷ್ಟ್ರು ಅವಳನ್ನು ಲಿಫ್ಟರ್ ಮಾಡಿದ್ದರು. ಹೋದ ಸಲದ ಆಯ್ಕೆಯಲ್ಲಿ ಮತ್ತೆ ಮತ್ತೆ ಡಬಲ್ ಸೀಟಿ ಊದಿ ಅವಳನ್ನು ಕೂರಿಸಿದ್ದರು. ಈ ವರ್ಷ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಇತ್ತು. ಅಲ್ಲಿ ಸೀಟು ಸಿಕ್ಕರೆ ಊಟ, ಓದು, ಆಟ ಮೂರೂ ಸಿಗುತ್ತವೆ. ಸಿಗದಿದ್ದರೆ ಆಟವೂ ಇಲ್ಲ, ಓದೂ ಇಲ್ಲ, ಜರಡಿ ಹಿಡಿ ಎಂದು ಮನೆ ನಡೆಸುತ್ತಿದ್ದ ಅವಳ ಮಾಮಾ ಹೇಳಿಬಿಟ್ಟಿದ್ದ. ತಾಯಿ ಅವಳನ್ನು ಕರೆತಂದ ದಿನ ಇದನ್ನೆಲ್ಲ ನಿಂತೇ ಹೇಳಿದಳು. ಅವಳ ಬುರ್ಖಾದ ತುದಿಯಲ್ಲಿ ಮಂಡಕ್ಕಿಯ ಹೊಟ್ಟು ಅಂಟಿತ್ತು. ಇದು ಕೊನೇ ಸಲ ಸರ್, ಅಂದಳು.

ಹಾಲೇಶ ಅವಳಿಗೂ ಅದೇ ಪಾಠ ಶುರುಮಾಡಿದ. ನಿನ್ನದು ತಪ್ಪಿಲ್ಲ, ಅಂಪೈರ್‌ಗಳು ಕುರುಡರು ಅಂದ. ಅವಳು ನನ್ನನ್ನು ಎತ್ತಿದಳು. ಒಳಗೆ ಗಲಗಲ. ಇನ್ನೊಮ್ಮೆ. ಗಲಗಲ. ಚೆಂಡು ಸರಿಯಿಲ್ಲ ಅಂದ. ಹುಡುಗಿ ತಪ್ಪು ತಿಳೀಬೇಡಿ ಎನ್ನುವ ದನಿಯಲ್ಲಿ ಕೇಳಿದಳು.

"ಸರ್, ಒಂದು ಸಲ ನೀವು ಎತ್ತಿ ತೋರಿಸ್ತೀರಾ? ನಿಮ್ದು ಹೆಂಗೆ ಸದ್ದು ಬರಲ್ಲ ಅಂತ ನಾನು ನೋಡ್ತೀನಿ."

ಅವನು ನಕ್ಕು ನನ್ನನ್ನು ತೆಗೆದುಕೊಂಡ. ಮೊಣಕಾಲು ಬಾಗಿಸಿದ. ಹತ್ತು ಬೆರಳು ನನ್ನ ಮೈಗೆ ಬಂದವು. ಒಂಬತ್ತು ಬೆರಳು ಬಿಟ್ಟವು. ಎಡಗೈ ಹೆಬ್ಬೆರಳು ಒಂದು ಎಳೆಯಷ್ಟು ತಡವಾಗಿ ಬಿಟ್ಟಿತು. ನಾನು ಏರಿದೆ, ಸುತ್ತಿದೆ. ನನ್ನ ಹೊಟ್ಟೆಯ ಬೀಜಗಳು ಖಾಲಿ ಅಂಗಳಕ್ಕೆಲ್ಲ ಕೇಳುವ ಹಾಗೆ ಮಾತಾಡಿದವು.

ಮತ್ತೆ ಎತ್ತಿದ. ಮತ್ತೆ ಗಲಗಲ. ಕಣ್ಣು ಮುಚ್ಚಿ ಎತ್ತಿದ. ಅದೇ. ಮುಬೀನಾ ನೆಲ ನೋಡುತ್ತ ನಿಂತಳು. ಪಾಪ, ಆ ಮಗುವಿಗೆ ತಾನೇ ಏನೋ ಒಡೆದ ಹಾಗೆ ಹೆದರಿಕೆ. ಅವಳನ್ನು ಮನೆಗೆ ಕಳಿಸಿ, ನನ್ನನ್ನು ಕಂಕುಳಲ್ಲಿಟ್ಟುಕೊಂಡು ಹಾಲೇಶ ಮನೆಗೆ ಬಂದ.

ಅಪ್ಪ ಮಂಚದ ಮೇಲಿದ್ದ. ಮಗ ಕೆಳಗೆ ಕೂತ. "ಅಪ್ಪಾ, ಅವತ್ತು ಅಂಪೈರ್ ಸರಿ ಇದ್ದ" ಅಂದ.

ಮರುಳಸಿದ್ದಪ್ಪ ತಲೆಯಾಡಿಸಿದ. "ಟಿ.ವಿ. ಮುಂದೆ ಕೂತಿದ್ದೆನಲ್ಲೋ. ನನಗೇನು ಕಾಣ್ತತಿ? ಕೇಳ್ತತಿ. ಯಾವಾಗ್ಲೂ ಸದ್ದಿರಲಾರದ ಜಾಗದಾಗ ಅವತ್ತು ಟಪ್ ಅಂತು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅಷ್ಟೇ ಅಂದ. ವಿಚಾರಿಸಲಿಲ್ಲ ಅಂದನೋ, ಕಿವಿಗೊಡಲಿಲ್ಲ ಅಂದನೋ, ಬಿಡಿಸಿ ಹೇಳಲಿಲ್ಲ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ ಇಟ್ಟ ಹಿರಿಯರು ದೊಡ್ಡವರು. ಹಾಲೇಶ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಿತ್ತ ಉರುಳಿಸುತ್ತ ಕೂತ. ಆಮೇಲೆ, ಎಂದೂ ಇಲ್ಲದ್ದು, ಅಪ್ಪಾ, ಒಂದು ಪದ್ಯ ಹೇಳು ಅಂದ. ಅಪ್ಪ ಹೇಳಿದ. ಮಗ ಕೇಳಿದ. ನಾನೂ ಕೇಳಿದೆ.

ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಮುಬೀನಾ ಬಂದು ನಿಂತಾಗ ಹಾಲೇಶ ಹೊಸದಾಗಿ ಶುರುಮಾಡಿದ. ನನ್ನ ಹೆಬ್ಬೆರಳು ತಡ, ನಿನ್ನ ಯಾವ ಬೆರಳೋ ನೋಡೋಣ ಅಂದ. ಹಳೆಯ ಮಾತನ್ನು ಬಾಯಿಗೆ ತರಲಿಲ್ಲ. ಅವಳ ಬಲ ಮಣಿಕಟ್ಟು ಕೊನೆಯಲ್ಲಿ ಒಂದು ಝಾಡಿಸು ಝಾಡಿಸುತ್ತಿತ್ತು. ಜರಡಿಯಿಂದ ಹೊಟ್ಟು ಹಾರಿಸುವ ಝಾಡಿಸು. ಕೈಗೆ ಕಲಿಸಿದ್ದು ಹೊಟ್ಟೆಪಾಡು. ಅದನ್ನು ಮರೆಸುವುದು ಬೈಗುಳದಿಂದ ಆಗುವ ಕೆಲಸವಲ್ಲ.

ಅಲ್ಲಿಗೆ ಮರುಳಸಿದ್ದಪ್ಪನನ್ನು ಹಾಲೇಶ ಕೈಹಿಡಿದು ಕರೆತಂದು ಕಲ್ಲಿನ ಮೇಲೆ ಕೂರಿಸಿದ. ಹುಡುಗಿ ಹೆದರಿಕೊಂಡು ಅಜ್ಜಾ, ನಿಮಗೆ ಆಟ ಗೊತ್ತಾ ಅಂತ ಕೇಳಿದಳು. ಆಟ ಗೊತ್ತಿಲ್ಲ ತಂಗಿ, ಪದ್ಯ ಗೊತ್ತು ಅಂದ. ಕನ್ನಡದ ಪದ್ಯದಲ್ಲಿ ಪ್ರಾಸ ಎಲ್ಲಿರುತ್ತದೆ ಹೇಳು ಅಂದ. ಅವಳು ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಪ್ರತಿ ಸಾಲಿನ ಎರಡನೇ ಅಕ್ಷರ ಅಂದಳು.

"ಹೂಂ ಮತ್ತೆ. ಮೊದಲನೇದು ಹೆಂಗಾರ ಬರಲಿ, ಮೂರನೇದು ಎಲ್ಲಿಗಾರ ಹೋಗಲಿ. ಎರಡನೇದು ಜಾರಿದ್ರೆ ಪದ್ಯಾನೇ ಕುಂಟ್ತತಿ. ನೀನು ಎರಡನೇ ಅಕ್ಷರ. ಅದನ್ನ ಒತ್ತಬಾರದು, ಒಗೀಬಾರದು. ಸುಮ್ಮನೆ ಕೂಡಿಸಬೇಕು."

ಅಂದಿನಿಂದ ಅದೇ ಅಭ್ಯಾಸವಾಯಿತು. ಮುದುಕ ಲಯ ಹಾಕುತ್ತಿದ್ದ, ಮಗ ನನ್ನನ್ನು ಎಸೆಯುತ್ತಿದ್ದ, ಹುಡುಗಿ ಎತ್ತುತ್ತಿದ್ದಳು. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಆ ಹುಡುಗಿಯ ಬಾಯಿಗೆ ಕೆಲವೇ ದಿನಗಳಲ್ಲಿ ಷಟ್ಪದಿಯ ಓಟ ಹತ್ತಿತು. ಗಲಗಲ ಬಂದರೆ ಮೂವರೂ ನಿಲ್ಲುತ್ತಿದ್ದರು. ಬೈಗುಳವಿಲ್ಲ. ಬೀಜ ಏನಂತು ಎಂದು ಹಾಲೇಶ ಕೇಳುತ್ತಿದ್ದ. ಬಲಗೈ ಜಾಸ್ತಿ ಅಂತು ಸರ್, ಎನ್ನುತ್ತಿದ್ದಳು. ನಡುನಡುವೆ ಅವನೂ ಎತ್ತುತ್ತಿದ್ದ. ನಿಮ್ದು ಇನ್ನೂ ಅಂತೈತಿ ಸರ್ ಎಂದು ಅವಳು ನಗುತ್ತಿದ್ದಳು. ಆಗ ಮುದುಕ, ಗುರುವಿಗಿಂತ ಶಿಷ್ಯೆ ಲಘು ಆದ್ಲು ಬಿಡು ಎಂದು ಪದ್ಯದವರ ಚೇಷ್ಟೆ ಮಾಡುತ್ತಿದ್ದ.

ಒಂದು ಮುಂಜಾನೆ ಅವಳು ಎತ್ತಿದಳು. ನಾನು ಏರಿದೆ. ಬೀಜಗಳೂ ನನ್ನ ಜೊತೆ ಏರಿದವು, ಜೊತೆಗೇ ಇಳಿದವು, ಒಂದಕ್ಕೊಂದು ತಾಗಲಿಲ್ಲ. ನನ್ನೊಳಗೆ ಆ ಮೌನ ಇರಬಹುದೆಂದು ನನಗೇ ಗೊತ್ತಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರುಳಸಿದ್ದಪ್ಪ ಕೈಮುಗಿದ. ಯಾರಿಗೆ ಮುಗಿದನೋ, ಹೇಳಲಿಲ್ಲ.

ಆಯ್ಕೆಯ ದಿನ ನಾನು ಮತ್ತೆ ಚೀಲದಲ್ಲಿ, ಹಾಲೇಶನ ಕಾಲ ಬಳಿ. ಅವನ ಪಾದ ನೆಲವನ್ನು ತಟ್ಟುತ್ತಲೇ ಇತ್ತು. ಪಕ್ಕದಲ್ಲಿ ಮುಬೀನಾಳ ತಾಯಿ ಜಪಮಣಿ ಎಣಿಸುತ್ತಿದ್ದ ಸದ್ದು ಮೆಲ್ಲಗೆ ಬರುತ್ತಿತ್ತು. ಅಂಗಳದಿಂದ ಧಬ್, ಆಮೇಲೆ ಏನೂ ಇಲ್ಲ, ಆಮೇಲೆ ಢಾಂ. ಮತ್ತೆ ಹಾಗೇ. ಆ ಏನೂ ಇಲ್ಲದ ಜಾಗದಲ್ಲಿ ನಮ್ಮ ಹುಡುಗಿ ಇದ್ದಳು. ಸೀಟಿ ಕೇಳಲಿಲ್ಲ.

ಆಟ ಕೊನೆಗೆ ಬಂತು. ಮೊದಲ ಕೈ ಕೆಟ್ಟು ಚೆಂಡು ದೂರ ಹಾರಿತೆಂದು ಜನರ ಉದ್ಗಾರದಿಂದ ತಿಳಿಯಿತು. ಓಡಿದ ಹೆಜ್ಜೆ ಕೇಳಿತು. ಆಮೇಲೆ ತೀರಾ ಸಣ್ಣದಾಗಿ ಒಂದು ಟಪ್. ಢಾಂ. ಅಂಕ ಬಂತೆಂದು ಅವಳ ಕಡೆಯವರು ಕೂಗಿದರು. ಅಂಪೈರ್ ಊದಿರಲಿಲ್ಲ. ಹಾಲೇಶನ ಪಾದ ತಟ್ಟುವುದನ್ನು ನಿಲ್ಲಿಸಿತು. ಅವನಿಗೂ ಕೇಳಿತ್ತು.

ಕೂಗು ಇದ್ದಕ್ಕಿದ್ದ ಹಾಗೆ ತಗ್ಗಿತು. ಮುಬೀನಾ ಕೈ ಎತ್ತಿದ್ದಳಂತೆ. ಡಬಲ್ ಆಯ್ತು ಸರ್, ನಂದೇ, ಅಂದಳು. ತಾಯಿಯ ಜಪಮಣಿ ನಿಂತಿತು. ಏನಂತೆ ಸರ್, ಏನಾಯ್ತು ಎಂದು ಅವಳು ಹಾಲೇಶನನ್ನು ಕೇಳಿದಳು. ಅಂಕ ಎದುರಿನವರಿಗೆ ಹೋಯಿತು. ಅವಳ ಕಡೆ ಸೋತಿತು.

ಆಯ್ಕೆಗಾರರಲ್ಲಿ ಹಿರಿಯರೊಬ್ಬರು ಅವಳನ್ನು ಹತ್ತಿರ ಕರೆದರು. ನಾವಿದ್ದ ಮೆಟ್ಟಿಲ ಕೆಳಗೇ ಅವರು ಕೂತಿದ್ದರು, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಮಗ್ಯಾರಿಗೂ ಕಾಣಲಿಲ್ಲವಲ್ಲಮ್ಮ, ನೀನ್ಯಾಕೆ ಕೈ ಎತ್ತಿದೆ?"

"ಕೇಳಿಸ್ತು ಸರ್."

"ಏನು ಕೇಳಿಸ್ತು?"

"ಬೀಜ," ಅಂದಳು ಹುಡುಗಿ.

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದು ಹೇಗೆ? ಆ ಹೊಸ ಚೆಂಡಿನೊಳಗೆ ಬರೀ ಗಾಳಿ. ಬೀಜ ಇದ್ದದ್ದು ಮೆಟ್ಟಿಲ ಮೇಲೆ, ನನ್ನ ಹೊಟ್ಟೆಯಲ್ಲಿ. ಅದೂ ಅಲ್ಲ, ಅಷ್ಟು ಹೊತ್ತಿಗೆ ಅವಳ ಕಿವಿಯಲ್ಲಿ. ಹಾಲೇಶ ಎದ್ದು ಕೆಳಗಿಳಿದು ಹೋದ. ಚೀಲ ಬಿಚ್ಚಿ ನನ್ನನ್ನು ಅವರ ಮುಂದೆ ಹಿಡಿದ. ಅವರು ನನ್ನನ್ನು ಎತ್ತಿ ನೋಡಿದರು, ಗಲಗಲ. ಅಂಪೈರ್ ಎತ್ತಿದರು, ಗಲಗಲ. ಮುಬೀನಾ ಎತ್ತಿದಳು. ಕ್ರೀಡಾಂಗಣದ ಗದ್ದಲದ ನಡುವೆ ನಾನು ಸುಮ್ಮನೆ ಏರಿ ಸುಮ್ಮನೆ ಇಳಿದೆ. ಹಿರಿಯರು ಅವಳ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಎತ್ತರ ಸಾಲದು ಎಂದು ಪಕ್ಕದವರು ಏನೋ ತಕರಾರು ತೆಗೆದರು. ಎತ್ತಿಕೊಡೋರಿಗೆ ಎತ್ತರ ಯಾಕ್ರಿ ಅಂದರು ಹಿರಿಯರು. ಅವಳಿಗೆ ಸೀಟು ಸಿಕ್ಕಿತು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಜಿನ್ನಿನ ಅಂಗಳದಲ್ಲಿ ಈಗ ಬೆಳಿಗ್ಗೆ ಸಂಜೆ ಮಕ್ಕಳು. ಚಪ್ಪಲಿ ಕಾಯೋದು ಕಲಿಸ್ತಾನೆ ಅಂದವರ ಮಕ್ಕಳೂ ಇದ್ದಾರೆ. ಹಾಲೇಶನ ತಲೆ ನರೆತಿದೆ. ಅವನ ಹೆಬ್ಬೆರಳು ಇಂದಿಗೂ ತಡವೇ. ಹೊಸ ಮಕ್ಕಳಿಗೆ ಮೊದಲ ದಿನ ಅವನೇ ನನ್ನನ್ನು ಎತ್ತಿ ಆ ಗಲಗಲ ಕೇಳಿಸುತ್ತಾನೆ. ಇದು ನನ್ನ ತಪ್ಪಿನ ಸದ್ದು, ಇನ್ನು ನಿಮ್ಮದು ಕೇಳೋಣ ಅನ್ನುತ್ತಾನೆ. ಮಕ್ಕಳು ನಗುತ್ತಾರೆ, ಹೆದರಿಕೆ ಹೋಗುತ್ತದೆ. ಮರುಳಸಿದ್ದಪ್ಪನಿಗೆ ಈಗ ಪೂರ್ತಿ ಕತ್ತಲೆ. ಆದರೂ ಕಲ್ಲಿನ ಮೇಲೆ ಕೂತು, ಯಾವ ಮಗು ಎತ್ತಿತೆಂದು ಹೆಸರು ಹಿಡಿದು ಹೇಳುತ್ತಾನೆ.

ಹೋದ ರಜೆಯಲ್ಲಿ ಮುಬೀನಾ ಬಂದಿದ್ದಳು. ಅವಳ ಅಂಗಿಯ ಮೇಲೆ ರಾಜ್ಯದ ಹೆಸರಿತ್ತು. ಬಂದವಳೇ ನನ್ನನ್ನು ಕಿವಿಗಿಟ್ಟು ಅಲ್ಲಾಡಿಸಿದಳು. ನನ್ನ ಹೊಲಿಗೆ ಬಿಟ್ಟಿತ್ತು, ಬೀಜಗಳಲ್ಲಿ ಕೆಲವು ಎಲ್ಲೋ ಉದುರಿ ಹೋಗಿದ್ದವು. ಸದ್ದು ಕಮ್ಮಿ ಆಗೈತಿ ಅಜ್ಜಾ ಅಂದಳು. ಸಂಜೆ ತಾಯಿಯ ಅಡುಗೆಮನೆಯಿಂದ ಒಂದು ಹಿಡಿ ಹುಣಸೆ ಬೀಜ ತಂದಳು. ಮುದುಕನ ಕೈಗೆ ದಬ್ಬಳ ಕೊಟ್ಟು, ದಾರ ತಾನು ಪೋಣಿಸಿದಳು. ಅವನು ಹೊಲಿದ, ಗುನುಗಿದ. ಈ ಸಲ ಅವಳೂ ದನಿಗೂಡಿಸಿದಳು. ಪ್ರತಿ ಹೊಲಿಗೆಯ ಕೊನೆಗೆ ದಾರ ಜಗ್ಗುವಾಗ ಇಬ್ಬರೂ ಒಂದು ಗಳಿಗೆ ನಿಲ್ಲುತ್ತಿದ್ದರು.

ಈಗ ನನ್ನ ಜಾಗ ಅಂಗಳದ ಗೋಡೆಯ ಗೂಡು. ದೀಪ ಇಡಲು ಮಾಡಿದ ಗೂಡು ಅದು. ಗಾಳಿ ತುಂಬಿದ್ದ ಕಾಲದಲ್ಲಿ ನಾನು ಎಷ್ಟೋ ಎತ್ತರ ಹಾರಿದ್ದೆ, ಯಾರಿಗೂ ಒಂದು ನಿಜ ಹೇಳಿರಲಿಲ್ಲ. ಉಸಿರು ಹೋದ ಮೇಲೆ ಮಾತು ಬಂತು. ನನ್ನ ಹೊಟ್ಟೆಯಲ್ಲಿ ಈಗ ಎರಡು ಮನೆಯ ಬೀಜ ಒಟ್ಟಿಗಿವೆ. ಯಾವುದು ಯಾರದೆಂದು ನನಗೂ ತಿಳಿಯುವುದಿಲ್ಲ. ಮುಂಜಾನೆ ಒಂದು ಪುಟ್ಟ ಕೈ ಗೂಡಿಗೆ ಬರುತ್ತದೆ, ನನ್ನನ್ನು ಎತ್ತುತ್ತದೆ. ಬೀಜಗಳು ಗಲಗಲ ಅನ್ನುತ್ತವೆ. ಹಾಲೇಶ ಮೆಲ್ಲಗೆ, ಕೇಳಿಸ್ತಾ ಅನ್ನುತ್ತಾನೆ. ಹೂಂ ಸರ್ ಅನ್ನುತ್ತದೆ ಮಗು. ಸರಿ, ಇನ್ನೊಮ್ಮೆ ಎತ್ತು ಅನ್ನುತ್ತಾನೆ.

ನಾನು ಏರುತ್ತೇನೆ.